ಕುದುರಿ, ಎಮ್ಮಿ ಮತ್ತು ನಾಲ್ಕೂರಿನ ಸಂಶಯ

ನಮ್ಮ ಕಡೆ ಜನ ಹಾಲಿನವನ ಮೇಲೆ ಸಂಶಯ ಪಡುತ್ತಾರೆ, ಕಂಡಕ್ಟರನ ಮೇಲೆ ಸಂಶಯ ಪಡುತ್ತಾರೆ, ಮನೆಗೆ ಬಂದ ಬೀಗರು ಎರಡನೇ ಸಲ ಚಾ ಬ್ಯಾಡ ಅಂದರೆ ಅದಕ್ಕೂ ಸಂಶಯ ಪಡುತ್ತಾರೆ. ಇಂಥವರ ನಡುವೆ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಕೂತರೆ ನಗೋ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಮೆಟ್ಟಿಲು ಹತ್ತಿ ಬರುತ್ತವೆ.

ಅಂಗಡಿ ನನ್ನದಲ್ಲ, ನಮ್ಮ ಮಾಮಾನದು. ಬೈಲಹೊಂಗಲದ ಬಜಾರದಾಗ ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆ. ಕೆಳಗೆ ಗಿರಣಿ ಶುರುವಾದರೆ ಮೇಲೆ ಮೌಸ್ ತನ್ನಷ್ಟಕ್ಕೆ ತಾನೇ ನಡೆಯುತ್ತದೆ. ನಾನು ಅಲ್ಲಿ ಏನು ಮಾಡುತ್ತೇನೆ ಅಂದರೆ, ಸಾಲಿಯಲ್ಲಿ ಇಲ್ಲ, ಆದ್ದರಿಂದ ಅಲ್ಲಿದ್ದೇನೆ. ಸಾಲಿ ನನ್ನನ್ನು ಬಿಟ್ಟಿತೋ, ನಾನು ಸಾಲಿಯನ್ನು ಬಿಟ್ಟೆನೋ, ಆ ವಾದ ನಮ್ಮ ಮನೆಯಲ್ಲಿ ಇನ್ನೂ ನಡೆದೇ ಇದೆ.

ಹೋದ ವರ್ಷ ಒಂದು ದೊಡ್ಡ ಕೆಲಸದ ವಾಸನೆ ಬಂತು. ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ, ಈ ನಾಲ್ಕೂ ಊರಲ್ಲಿ ಶಾಖೆ ಇರುವ ಒಂದು ಪತ್ತಿನ ಸೊಸೈಟಿ ತನ್ನ ಎಲ್ಲಾ ಕಂಪ್ಯೂಟರಿಗೂ ಆ್ಯಂಟಿವೈರಸ್ ಹಾಕಿಸುವುದೆಂದು ತೀರ್ಮಾನ ಮಾಡಿತು. ಕಂಡಕಂಡವರ ಫ್ಲಾಪಿ ತುರುಕಿ ತುರುಕಿ ಅವರ ಕಂಪ್ಯೂಟರುಗಳು ವಾರಕ್ಕೊಮ್ಮೆ ಮಲಗುತ್ತಿದ್ದವು. ಆ ಕೆಲಸ ನಮಗೆ ಸಿಕ್ಕರೆ ಅಂಗಡಿ ಉಳಿಯುತ್ತಿತ್ತು. ಸಿಗದಿದ್ದರೆ ಮಾಮಾ ಕೀಲಿ ಹಾಕಿ ಮನೋಳಿಗೆ ಹೋಗಿ, ಮಾಮಿಯ ಅಪ್ಪನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ಒಡೆಯುತ್ತ ಕೂಡಬೇಕಿತ್ತು. ಆ ಹಿರಿಯರು ಎಂಥವರೆಂದರೆ, ಬೆಲ್ಲ ಒಡೆದು ಎದ್ದ ಕೂಡಲೇ ಅಳಿಯನಿಗೆ ‘ಆ ಅನ್ರಿ’ ಅಂತ ಬಾಯಿ ತೆರೆಸಿ ನೋಡುವವರು.

ಮಾಮಾನ ಹತ್ತಿರ ತೋರಿಸಲಿಕ್ಕೆ ಎರಡು ಆ್ಯಂಟಿವೈರಸ್ ಇದ್ದವು. ಎರಡಕ್ಕೂ ದೊಡ್ಡ ದೊಡ್ಡ ಇಂಗ್ಲಿಷ್ ಹೆಸರು. ನನ್ನ ನಾಲಿಗೆಗೆ ಹೊರಳಲಿಲ್ಲ. ಒಂದು ಕಂಪ್ಯೂಟರಿನ ಒಳಗೆಲ್ಲ ಸರ್ರನೆ ಓಡಿ ತಪಾಸಣೆ ಮುಗಿಸುತ್ತಿತ್ತು, ಅದಕ್ಕೆ ಕುದುರಿ ಅಂದೆ. ಇನ್ನೊಂದು ಒಂದೊಂದೇ ಫೈಲು ಮೂಸಿ ಮೂಸಿ, ಮೆಲುಕು ಹಾಕಿ ಮುಂದೆ ಹೋಗುತ್ತಿತ್ತು, ಅದಕ್ಕೆ ಎಮ್ಮಿ ಅಂದೆ. ಆಮೇಲೆ ನಾಲ್ಕೂ ಊರಲ್ಲಿ ಅವೇ ಹೆಸರು ನಿಂತವು.

ಕೈ ಒಳಗ ಹೋತೇನು?

ಸೊಸೈಟಿಯ ಚೇರಮನ್ನರು ಹತ್ತಿ ವ್ಯಾಪಾರದ ಸಾವಕಾರರು. ಬೈಲಹೊಂಗಲದ ಪೇಟೆಯಲ್ಲಿ ಅವರು ಹತ್ತಿ ಅಂಡಿಗೆಯ, ಅಂದರೆ ದೊಡ್ಡ ಮೂಟೆಯ, ಮೇಲ್ಭಾಗ ನೋಡುವುದೇ ಇಲ್ಲ. ತೋಳು ಮಡಿಚಿ, ಹೆಗಲು ಮುಟ್ಟುವ ತನಕ ಕೈಯನ್ನು ಒಳಗೆ ತುರುಕಿ, ನಡುಭಾಗದ ಹತ್ತಿಯನ್ನು ಹಿಡಿ ತುಂಬ ಎಳೆದು ತೆಗೆಯುತ್ತಾರೆ. ರೈತ ಆಗ ಉಸಿರು ಹಿಡಿದು ನಿಂತಿರುತ್ತಾನೆ. ಅವತ್ತು ಅವರ ಪೇಟೆಯ ಆಫೀಸಿನ ಕಂಪ್ಯೂಟರಿನ ಮುಂದೆ ಮಾಮಾನೂ ಹಾಗೇ ನಿಂತಿದ್ದ.

ಮಾಮಾ ಕುದುರಿ ಓಡಿಸಿದ. ಮುಗಿಯಿತು.

‘ಆತ್ರಿ ಸಾವಕಾರ್ರ.’

‘ಏನಾತು?’

‘ತಪಾಸಣಿ ಮುಗೀತ್ರಿ. ಒಳಗಿಂದ ಎಲ್ಲಾ ನೋಡ್ತು.’

ಸಾವಕಾರರು ಕೈಯಲ್ಲಿದ್ದ ಚಾದ ಕಪ್ಪು, ಬಶಿ ನೋಡಿದರು. ‘ಚಾ ಇನ್ನೂ ಬಶಿಗೆ ಹಾಕಿಲ್ಲ ನಾನು. ಇಷ್ಟ್ರಾಗ ಎಲ್ಲಾ ನೋಡ್ತು?’

‘ಭಾಳ ಚುರುಕ ಐತ್ರಿ.’

‘ಹಂಗ ಚುರುಕ ಇದ್ದಾಂವ ನಮ್ಮ ಪ್ಯಾಟ್ಯಾಗೂ ಒಬ್ಬಾಂವ ಇದ್ದ. ಅಂಡಿಗಿ ಮ್ಯಾಲ ಕೈಯಾಡಿಸಿ ಮಾಲ್ ಚಲೋ ಐತಿ ಅಂತಿದ್ದ. ಒಯ್ದು ಬಿಚ್ಚಿದ್ರ ಒಳಗ ಪೂರಾ ಹಸಿ. ಈಗ ನೀ ಹೇಳು, ಇದು ಮ್ಯಾಲ ಕೈಯಾಡಿಸ್ತೋ, ಒಳಗ ಕೈ ಹಾಕ್ತೋ?’

ಮಾಮಾ ತಿಳಿಸಿ ಹೇಳಿದ. ‘ಮೊನ್ನೆ ನೋಡಿದ ಫೈಲಿಗೆ ಗುರ್ತಾ ಮಾಡಿ ಇಡತೈತ್ರಿ. ಹೊಸಾದು ಬಂದದ್ದು, ಬದಲಾದದ್ದು ಅಷ್ಟ ನೋಡತೈತಿ. ಅದಕ್ಕ ಲಗೂ ಮುಗೀತೈತಿ.’

‘ಮೊನ್ನೆ ಚಲೋ ಇದ್ದಾಂವ ಇವತ್ತೂ ಚಲೋ ಇರತಾನಂತ ನಿನಗ ಯಾರ ಹೇಳಿದ್ರು?’

ಮಾಮಾ ಬೆವರು ಒರೆಸಿಕೊಂಡು ಎಮ್ಮಿಯನ್ನು ಬಿಟ್ಟ. ಎಮ್ಮಿ ತನ್ನ ಗತ್ತಿನಲ್ಲಿ ಹೊರಟಿತು. ಸಾವಕಾರರು ಚಾ ಕುಡಿದರು, ಎಲೆ ಅಡಿಕೆ ಹಾಕಿಕೊಂಡರು, ಎರಡು ಮೂರು ಫೋನು ಮಾಡಿದರು, ಹೊರಗೆ ಹೋಗಿ ಉಗುಳಿ ಬಂದರು. ಎಮ್ಮಿ ಇನ್ನೂ ಮೆಲುಕು ಹಾಕುತ್ತಿತ್ತು. ಈಗ ಅವರ ಸಂಶಯ ಇನ್ನೊಂದು ಮಗ್ಗುಲಿಗೆ ಹೊರಳಿತು.

‘ಇದು ಕೆಲಸಾ ಮಾಡಾಕ ಹತ್ತೈತೋ, ಹೊತ್ತು ಹಾಕಾಕ ಹತ್ತೈತೋ? ನಮ್ಮ ಹೊಲದಾಗಿನ ಮಂದಿನೂ ಹಿಂಗ. ನಾ ಬಾಂದಿನ ಮ್ಯಾಲ ನಿಂತಾಗ ಅಷ್ಟ ಕಸಾ ತಗಿಯೂ ಕುರ್ಚಿಗಿ ಕೈಯಾಗ ಹಿಡೀತಾರ.’

‘ಸಾವಕಾರ್ರ, ಎಷ್ಟು ಹೊತ್ತು ಹಿಡೀತೈತಿ ಅನ್ನೂದು ದೊಡ್ಡ ಮಾತಲ್ರಿ,’ ಅಂದ ಮಾಮಾ. ‘ಹೊಸಾ ಫ್ಲಾಪಿ ಹಾಕಿದ ಕೂಡಲೇ ಬಾಗಿಲದಾಗ ಹಿಡೀತೈತೋ ಇಲ್ಲೋ, ಅದನ್ನ ನೋಡಬೇಕ್ರಿ.’ ಇಡೀ ಪ್ರಸಂಗದಲ್ಲಿ ಖರೇ ಮಾತು ಅದೊಂದೇ. ಅದಕ್ಕೇ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

‘ಕರೆಂಟ್ ತಗಸು. ಮುಚ್ಚಳಾ ಬಿಚ್ಚು,’ ಅಂದರು ಸಾವಕಾರರು. ‘ನಾ ಮ್ಯಾಲಮ್ಯಾಲ ನೋಡಾಂವ ಅಲ್ಲ.’

ನಾನು ಸಂತೋಷದಿಂದ ಸ್ಕ್ರೂ ಬಿಚ್ಚಿದೆ. ಅವರು ತೋಳು ಮಡಿಚಿ ಕಂಪ್ಯೂಟರಿನ ಡಬ್ಬಿಯೊಳಗೆ ಕೈ ಹಾಕಿದರು. ಪೇಟೆಯ ಗಾಳಿಯಲ್ಲಿ ಹಾರಿ ಬಂದ ಹತ್ತಿ ವರ್ಷಾನುಗಟ್ಟಲೆ ಒಳಗಿನ ಫ್ಯಾನಿಗೆ ಸುತ್ತಿಕೊಂಡು ಗೂಡು ಕಟ್ಟಿತ್ತು. ಹಿಡಿ ತುಂಬ ಬಂತು.

‘ಇದೇನಿದು?’

‘ಹತ್ತಿರೀ,’ ಅಂದ ಮಾಮಾ, ಸತ್ತ ದನಿಯಲ್ಲಿ.

‘ಕುದುರಿಗೂ ಕಾಣಲಿಲ್ಲ, ಎಮ್ಮಿಗೂ ಕಾಣಲಿಲ್ಲ. ನನ್ನ ಕೈಗೆ ಸಿಕ್ತು. ಒಯ್ಯಿ, ಎಲ್ಲಾ ಶಾಖಾದಾಗೂ ಹಾಕಿ ನೋಡು. ಅವರೇನಂತಾರ ಕೇಳಿ ಆಮ್ಯಾಲ ಕೆಲಸದ ಮಾತು.’

ಇಷ್ಟು ಹೇಳಿ, ಕೈಯಲ್ಲಿದ್ದ ಹತ್ತಿಯನ್ನು ಎಸೆಯಲಿಕ್ಕೆ ಹೋದವರು ನಿಂತರು. ರೂಢಿ ಬಿಡಬೇಕಲ್ಲ. ಹೆಬ್ಬೆರಳಿನಲ್ಲಿ ಎಳೆ ಜಗ್ಗಿ, ಬೆಳಕಿಗೆ ಹಿಡಿದು ನೋಡಿ ಕೇಳಿದರು:

‘ಎಳಿ ಚಲೋ ಐತಲ್ಲೋ. ಯಾರ ಹೊಲದ್ದಿದು?’

ಇದಕ್ಕಿಂತ ನಿಧಾನದ್ದು

ಕಿತ್ತೂರ ಶಾಖೆಗೆ ಮೊದಲು ಎಮ್ಮಿ ಹಾಕಿದೆವು. ಅಲ್ಲಿ ಒಬ್ಬ ಕ್ಲಾರ್ಕ್ ಕಾಕಾ ಇದ್ದಾರೆ. ಎಮ್ಮಿ ಓಡುವ ಹೊತ್ತಿನಲ್ಲಿ ಆ ಹಳೇ ಕಂಪ್ಯೂಟರಿಗೆ ಬೇರೆ ಕೆಲಸ ಮಾಡಲಿಕ್ಕೆ ಉಸಿರಿರುವುದಿಲ್ಲ, ಒಂದು ಖಾತೆ ತೆರೆಯುವಷ್ಟರಲ್ಲಿ ಮನೆಯಲ್ಲಿ ಅರ್ಧ ಅಡಿಗೆ ಆಗಿರುತ್ತದೆ. ಇವರು ಸಿಟ್ಟಿಗೇಳುತ್ತಾರೆ, ಎಮ್ಮಿಯ ಕಥೆ ಮುಗಿಯುತ್ತದೆ ಅಂತ ನಾವು ತಿಳಿದಿದ್ದೆವು.

ವಾರ ಬಿಟ್ಟು ಹೋದರೆ ಕಟ್ಟೆಯ ಮೇಲೆ ಜನ ಸಾಲಾಗಿ ಕೂತಿದ್ದಾರೆ. ಒಳಗೆ ಕಾಕಾ ಪೇಪರ್ ಓದುತ್ತಿದ್ದಾರೆ. ಕೌಂಟರಿನ ಹತ್ತಿರ ಒಬ್ಬ ಅಜ್ಜಿ ಜಗಳಕ್ಕೆ ನಿಂತಿದ್ದಳು.

‘ತಪಾಸಣಿ ನಡದೈತೆವ್ವಾ. ನಾಳಿಗೆ ಬಾ.’

‘ಎದರ ತಪಾಸಣಿ?’

‘ರೋಗದ್ದು.’

‘ಯಾರಿಗೈತಿ ರೋಗ?’

‘ಕಂಪ್ಯೂಟರಿಗೆ.’

ಅಜ್ಜಿ ಕಾಕಾನನ್ನೂ ನೋಡಿದಳು, ಕಂಪ್ಯೂಟರನ್ನೂ ನೋಡಿದಳು. ‘ನಿನ್ನೀನೂ ರೋಗ ಅಂದಿ, ಮೊನ್ನೀನೂ ರೋಗ ಅಂದಿ. ದವಾಖಾನಿಗೆ ಒಯ್ಯೂದ ಬಿಟ್ಟು ಬಾಜೂಕ ಪೇಪರ್ ಓದ್ಕೋಂತ ಕುಂತೀಯಲ್ಲೋ, ಇದರ ಹಡೆದಾಕಿ ನಿನ್ನ ಸುಮ್ಮಕ ಬಿಡತಾಳೇನು?’

ಅಜ್ಜಿ ಹೋದ ಮೇಲೆ ಕಾಕಾ ಮಾಮಾನನ್ನು ಕೈ ಹಿಡಿದು ಕೂರಿಸಿದರು. ‘ಭಾಳ ಬೆಸ್ಟ್ ಐತಿ ನಿಮ್ಮ ಎಮ್ಮಿ. ಮ್ಯಾನೇಜರಗೂ ಹೇಳೇನಿ, ಅರ್ಧಕ್ಕ ಬಂದ್ ಮಾಡಿದ್ರ ವೈರಸ್ ಸಿಟ್ಟಿಗೇಳತಾವಂತ.’ ಆಮೇಲೆ ದನಿ ತಗ್ಗಿಸಿದರು. ‘ಅಲ್ಲಾ, ಇದಕ್ಕಿಂತಾ ನಿಧಾನದ್ದು ಯಾವದರ ಬಂದೈತೇನು?’

ಮಾಮಾ ಖುಷಿಯಾದ, ಎಮ್ಮಿಗೆ ಒಂದು ಮತ ಸಿಕ್ಕಿತೆಂದು. ನನಗೆ ಸಂಶಯ ಬಂತು. ಎದುರಿನ ಚಾದಂಗಡಿಯಲ್ಲಿ ಕೂತು ಕಾಕಾನ ಕೈ ನೋಡಿದೆ. ಕಟ್ಟೆಯ ಮೇಲೆ ಒಬ್ಬ ಗಿರಾಕಿ ಕಂಡರೆ ಕೈ ಪೇಪರಿನ ಮೇಲೆ, ಸಾಲು ಬೆಳೆಯಲಿಕ್ಕೆ ಶುರುವಾದರೆ ಕೈ ಮೌಸಿನ ಮೇಲೆ. ಟಕ್. ತಪಾಸಣೆ ಶುರು. ಎಮ್ಮಿ ತಾನಾಗಿ ಏಳುತ್ತಿರಲಿಲ್ಲ, ಇವರೇ ಎಬ್ಬಿಸುತ್ತಿದ್ದರು.

ನಾನು ‘ಜರಾ ಎಣ್ಣಿ ಹಾಕತೇನಿ’ ಅಂತ ಹೇಳಿ ಒಳಗೆ ಕೂತೆ. ಕಂಪ್ಯೂಟರಿಗೆ ಎಣ್ಣೆ ಯಾಕೆ ಅಂತ ಕಾಕಾ ಕೇಳಲಿಲ್ಲ, ಪೇಪರಿನಲ್ಲಿದ್ದರು. ಗಿರಾಕಿಗಳು ಇರುವ ತನಕ ಎಮ್ಮಿ ಏಳದ ಹಾಗೆ ಕಟ್ಟಿ ಹಾಕಿದೆ. ಆಫೀಸು ಮುಚ್ಚಲಿಕ್ಕೆ ಸ್ವಲ್ಪ ಮೊದಲು, ಕಾಕಾ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುವ ಹೊತ್ತಿಗೆ ಬರೋಬ್ಬರಿ ತಾನಾಗಿ ಏಳುವಂತೆ ಮಾಡಿದೆ.

ಮುಂದಿನ ದಿನಗಳಲ್ಲಿ ಏನಾಯಿತೆಂಬುದು ಕಿತ್ತೂರಿನವರಿಗೆಲ್ಲ ಗೊತ್ತು. ದಿನವೆಲ್ಲ ಕೆಲಸ. ಸಂಜೆ ಕಾಕಾ ಏಳುವಷ್ಟರಲ್ಲಿ ಎಮ್ಮಿ ಏಳುತ್ತಿತ್ತು. ಅವರು ಬಂದ್ ಮಾಡಲಿಕ್ಕೆ ಕೈ ಹಾಕಿದರೆ ಮ್ಯಾನೇಜರ್ ಗದರುತ್ತಿದ್ದರು, ‘ಅರ್ಧಕ್ಕ ಬಿಟ್ರ ಸಿಟ್ಟಿಗೇಳತಾವ ಅಂತ ನೀವ ಹೇಳೀರಿ! ಕುಂಡ್ರ್ರಿ, ಮುಗಿಸಿ ಹೋಗ್ರಿ.’ ಹೊರಗೆ ಅವರ ಊರಿನ ಬಸ್ಸು ಹಾರ್ನು ಹೊಡೆದು ಹೊರಟು ಹೋಗುತ್ತಿತ್ತು. ಕಾಕಾ ಒಬ್ಬರೇ ಎಮ್ಮಿ ಕಾಯುತ್ತ ಕೂರುತ್ತಿದ್ದರು.

ವಾರದೊಳಗೆ ಅಂಗಡಿಗೆ ಫೋನ್ ಬಂತು. ನಾನೇ ಎತ್ತಿದೆ.

‘ತಮ್ಮಾ,’ ಅಂದರು ಕಾಕಾ, ಅಳುವ ದನಿಯಲ್ಲಿ, ‘ಆ ಕುದುರಿ ಏನಾರ ಖಾಲಿ ಐತೇನೋ?’

ಓದಾಕ ಬರಬಾರದು

ಸೊಸೈಟಿಯ ಡೈರೆಕ್ಟರ್ ಒಬ್ಬರು ಚಚಡಿ ಊರಿನವರು. ಅವರ ಮಾತಿಗೆ ಸಾವಕಾರರು ಬೆಲೆ ಕೊಡುತ್ತಾರೆ, ಅಂದರೆ ಅವರ ಮಾತನ್ನು ಎಲ್ಲರ ಮಾತಿಗಿಂತ ಸ್ವಲ್ಪ ಕಡಿಮೆ ಸಂಶಯದಿಂದ ಕೇಳುತ್ತಾರೆ. ಈ ಡೈರೆಕ್ಟರು ಮಗಳಿಗೆ ವರ ನೋಡುತ್ತಿದ್ದರು. ಆಕೆಯ ಜಾತಕ, ಮನೆತನದ ವಿವರ, ಬಂದ ಗಂಡುಗಳ ಸುದ್ದಿ, ಯಾವ ಗಂಡಿನ ಅಪ್ಪ ಎಷ್ಟು ಜಿಪುಣ, ಎಲ್ಲವನ್ನೂ ಟೈಪ್ ಮಾಡಿಸಿ ಒಂದು ಫ್ಲಾಪಿಯಲ್ಲಿ ಇಟ್ಟುಕೊಂಡು, ವೈರಸ್ ಇದೆಯೇನು ನೋಡಿಸಲಿಕ್ಕೆ ಅಂಗಡಿಗೆ ಬಂದರು.

ಮಾಮಾ ಫ್ಲಾಪಿ ಹಾಕಿ ಎಮ್ಮಿಯನ್ನು ಬಿಟ್ಟ. ಎಮ್ಮಿ ಫೈಲುಗಳ ಹೆಸರನ್ನು ಪರದೆಯ ಮೇಲೆ ಒಂದೊಂದಾಗಿ ತೋರಿಸುತ್ತ ಹೊರಟಿತು. ಡೈರೆಕ್ಟರು ಹೆಗಲ ಮೇಲಿನ ಟವೆಲ್ ತೆಗೆದು ಗಪ್ಪನೆ ಪರದೆಗೆ ಹೊದಿಸಿಬಿಟ್ಟರು.

‘ಯಾಕ್ರಿ?’

‘ಅದು ಓದಾಕ ಹತ್ತೈತಿ.’

‘ಓದಂಗಿಲ್ರಿ, ಬರೇ ತಪಾಸ ಮಾಡತೈತಿ.’

‘ಓದದ ತಪಾಸ ಹೆಂಗ ಮಾಡತೈತಿ? ನೋಡಲ್ಲೆ, ಬೀಗರಾಗೋರ ಹೆಸರಿನ ಮ್ಯಾಲ ಎಷ್ಟೊತ್ತು ನಿಂತ್ಕೊಂಡೈತಿ. ಸಾವಕಾಶ ಓದಾಕ ಹತ್ತೈತದು. ನಾಳೆ ಯಾರ ಕಂಪ್ಯೂಟರಿಗೆ ಹೋಗಿ ಹೇಳತೈತೋ.’

ಮಾಮಾನ ತಲೆಯೊಳಗೆ ಮನೋಳಿಯ ಬೆಲ್ಲ ಬಂದಿರಬೇಕು. ಎಮ್ಮಿಯನ್ನು ನಿಲ್ಲಿಸಿ ಕುದುರಿಯನ್ನು ಬಿಟ್ಟ. ಅವರು ಟವೆಲಿನ ತುದಿ ಎತ್ತಿ ಇಣುಕುವಷ್ಟರಲ್ಲಿ ಮುಗಿದಿತ್ತು.

‘ಇಷ್ಟ?’

‘ಇಷ್ಟರೀ.’

ಡೈರೆಕ್ಟರ ಮುಖ ಅರಳಿತು. ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡರು. ‘ಇದು ಚಲೋ ಐತಿ. ಇಷ್ಟ ಲಗೂ ಓದಿದಾಂವ ತಿಳ್ಕೊಳ್ಳೂದರ ಏನು! ನಮ್ಮ ಹುಡುಗೂರ ಪರೀಕ್ಷಾದ ಹಿಂದಿನ ದಿನಾ ಓದ್ಯಾರ ಅಷ್ಟ.’

ಎರಡೂ ಬದಿಗೆ

ಕುದುರಿ ಮುಂದೆ ಬಂತು ಅಂತ ಮಾಮಾ ಹಿಗ್ಗಿ ಅದನ್ನೇ ಸವದತ್ತಿಗೆ ಹಾಕಿದ. ಅಲ್ಲಿಯ ಮ್ಯಾನೇಜರ್ ಹೆಣ್ಣುಮಗಳು, ಎಲ್ಲರೂ ಬಾಯಾರು ಅನ್ನುತ್ತಾರೆ, ಸಂಶಯದಲ್ಲಿ ಸಾವಕಾರರಿಗೂ ಗುರು. ನಮ್ಮನ್ನು ಹೊಸ್ತಿಲಲ್ಲೇ ನಿಲ್ಲಿಸಿದರು.

‘ಚಪ್ಪಲ್ ಅಲ್ಲೇ ಬಿಡ್ರಿ. ಕೈಕಾಲ ತೊಳ್ಕೊಳ್ರಿ. ಈ ಹುಡುಗನ ಕಿಸೆದಾಗ ಏನೈತಿ?’

‘ಶೇಂಗಾರೀ,’ ಅಂದೆ.

‘ತಗದು ಹೊರಗ ಇಡು. ವೈರಸ್ ಹೆಂಗ ಹೆಂಗ ಬರತಾವ ನನಗೆಲ್ಲಾ ಗೊತ್ತೈತಿ. ಬಿಡಾವ್ರೂ ನೀವ, ಔಷಧ ಮಾರಾವ್ರೂ ನೀವ.’

ಶೇಂಗಾ ಹೊರಗಿಟ್ಟು ಕುದುರಿ ಹಾಕಿ ಬಂದೆವು. ಸಿ.ಡಿ.ಯನ್ನು ಬಾಯಾರು ನಮ್ಮ ಕೈಗೆ ತಿರುಗಿ ಕೊಡಲಿಲ್ಲ. ‘ಇಲ್ಲೇ ಇರಲಿ, ನಾಳೆ ನೀವು ಒಳಗ ಏನರ ತಿದ್ದತೀರಿ,’ ಅಂದರು. ಒಂದೆರಡು ದಿನಕ್ಕೆ ಫೋನ್. ‘ಎಂಥಾ ಕುದುರಿರೀ ಇದು? ಮುಂಜಾನೆ ಮಕ್ಕೊಂಡಿದ್ದು ಇನ್ನೂ ಎದ್ದಿಲ್ಲ.’

ಬಸ್ಸು ಹಿಡಿದು ಓಡಿದೆವು. ಮತ್ತೆ ಚಪ್ಪಲಿ, ಮತ್ತೆ ಕೈಕಾಲು. ನೋಡಿದರೆ ಕುದುರಿ ಕಂಪ್ಯೂಟರಿನೊಳಗಿನದೆಲ್ಲ ಮುಗಿಸಿ, ಸಿ.ಡಿ. ಹಾಕುವ ಬಾಗಿಲಲ್ಲಿ ಸಿಕ್ಕಿಕೊಂಡು ಕೊರ್ ಕೊರ್ ಅನ್ನುತ್ತಿತ್ತು. ಬಾಯಾರು ಆ ಸಿ.ಡಿ.ಯನ್ನು ಅಲ್ಲೇ ಇಟ್ಟಿದ್ದರು, ಕಳುವಾಗಬಾರದೆಂದು. ನಾನು ಅದನ್ನು ಹೊರಗೆ ಎಳೆದೆ. ಹಳದಿ ಅಂದರೆ ಹಳದಿ. ಹೋಳಿಗೆಯ ಹಾಗೆ ಕಂಡಿತು.

‘ಬಾಯಾರ, ಇದಕ್ಕ ಭಂಡಾರ ಯಾರ ಹಚ್ಚ್ಯಾರ್ರೀ?’ ಅಂದೆ.

ಭಂಡಾರ ಅಂದರೆ ಅಮ್ಮನ ಗುಡ್ಡದ ದೇವಿಗೆ ಏರಿಸಿದ ಅರಿಷಿಣ ಪುಡಿ. ಸವದತ್ತಿಯಲ್ಲಿ ಹೊಸ ಸೈಕಲ್ಲಿನಿಂದ ಹಿಡಿದು ಹೊಸ ಹಲ್ಲುಸೆಟ್ಟಿನ ತನಕ ಅದು ತಾಗದೆ ಯಾವುದೂ ಕೆಲಸ ಶುರು ಮಾಡುವುದಿಲ್ಲ. ಗುಡ್ಡದ ಹತ್ತಿರದ ಉಗರಗೋಳದಿಂದ ಬರುವ ಗಿರಾಕಿಗಳು ದಿನಾ ಪೊಟ್ಟಣ ತಂದು ಕೊಡುತ್ತಾರೆ.

‘ನಾನ ಹಚ್ಚೇನಿ,’ ಅಂದರು ಬಾಯಾರು. ‘ಹೊಸಾದು ಬಂದ್ರ ಹಚ್ಚಬಾರದೇನು?’

‘ಹಚ್ಚ್ರಿ, ಆದ್ರ ಹೊಳಿಯೂ ಬದಿಗೆ ಹಚ್ಚಬಾರದ್ರಿ. ಅದನ್ನ ನೋಡಿ ಮಶೀನ್ ಓದತೈತಿ.’

‘ನಾ ಎರಡೂ ಬದಿಗೆ ಹಚ್ಚೇನಿ. ಒಂದ ಬದಿಗೆ ಹಚ್ಚಿ ಬಿಡಾಕ ನಾನು ಅರ್ಧಂಬರ್ಧ ಕೆಲಸಾ ಮಾಡಾಕಿ ಏನು?’

ಮಾಮಾ ಸಿ.ಡಿ.ಗೆ ಕೈಮುಗಿದು, ಆಮೇಲೆ ಒರೆಸಿದ. ಹಾಕಿದ ಕೂಡಲೇ ಕುದುರಿ ಸರ್ರನೆ ಓಡಿ ಮುಗಿಸಿತು. ಇನ್ನು ಬಾಯಾರು ನಗುತ್ತಾರೆ ಅಂದುಕೊಂಡರೆ ಅವರ ಹುಬ್ಬು ಮೇಲೇರಿತು. ಅಲ್ಲೇ ನಮ್ಮ ಎದುರಿಗೇ ಸಾವಕಾರರಿಗೆ ಫೋನ್ ಹಚ್ಚಿದರು.

‘ನಮಸ್ಕಾರ್ರಿ. ಆ ಕುದುರಿದು ಹೇಳೂದಿತ್ತು. ಅದು ಸರ್ಕಾರಿ ನೌಕರ ಇದ್ದಂಗೈತ್ರಿ. ನಾವು ಕರದ್ರ ಮಕ್ಕೊಂತೈತಿ, ಸಾಹೇಬ್ರು ಬಾಗಿಲಕ ಬಂದ್ರ ಓಡತೈತಿ.’

ಮೂರನೇದು

ಹೀಗೆ ಒಬ್ಬರು ಕುದುರಿ, ಒಬ್ಬರು ಎಮ್ಮಿ, ಒಬ್ಬರು ಎರಡೂ ಬ್ಯಾಡ. ಸಾವಕಾರರು ಬೇಸತ್ತು ಒಂದು ದಿನ ಹೇಳಿ ಕಳಿಸಿದರು: ‘ರಾಮದುರ್ಗದಾಗ ಕೂಡೂನು. ಡೈರೆಕ್ಟರೂ ಬರತಾರ. ನನ್ನ ಕಣ್ಮುಂದ ಎರಡೂ ಓಡಸ್ರಿ. ಇವತ್ತ ಆತು, ಇಲ್ಲಾ ಇಲ್ಲ.’

ಬಸ್ಸಿನಲ್ಲಿ ಮಾಮಾ ನನ್ನ ಕಡೆ ತಿರುಗಿದ. ‘ಮನೋಳ್ಯಾಗ ಮಂದಿ ಅಷ್ಟೇನ್ ಕೆಟ್ಟವ್ರಲ್ಲಲ್ಲೋ?’ ಅಂದ.

ರಾಮದುರ್ಗದ ಮ್ಯಾನೇಜರ್ ಸಾಹೇಬರಿಗೆ ಎರಡನ್ನೂ ಮೊದಲೇ ಕಳಿಸಿದ್ದೆವು, ‘ಮೊದಲ ಒಂದು ಹಾಕಿ ನೋಡ್ರಿ, ಅದನ್ನ ತಗದು ಇನ್ನೊಂದು ಹಾಕ್ರಿ’ ಅಂತ ಹೇಳಿ. ಹೋಗಿ ಪರದೆ ನೋಡಿದರೆ ಮಾಮಾನ ಮುಖ ಬಿಳಿಚಿತು. ಒಂದೇ ಕಂಪ್ಯೂಟರಿನಲ್ಲಿ ಎರಡೂ ಕೂತಿದ್ದವು.

‘ಸಾಹೇಬ್ರ, ಎರಡೂ ಕೂಡೇ ಹಾಕಬಾರದ್ರಿ!’

‘ಯಾಕ ಹಾಕಬಾರದು?’ ಸಾಹೇಬರು ಹಿಂದಿನ ತಿಜೋರಿ ತೋರಿಸಿದರು. ‘ಅದಕ್ಕೆಷ್ಟ ಕೀಲಿ? ಎರಡು. ಒಂದು ನನ್ನ ಕಡೆ, ಒಂದು ಕ್ಯಾಶಿಯರ್ ಕಡೆ. ಇಬ್ಬರೂ ಕೂಡಿ ತಿರಿವಿದ್ರ ಅಷ್ಟ ಬಾಗಿಲಾ ತೆರೀತೈತಿ. ಒಬ್ಬನ ಮ್ಯಾಲ ನಂಬಿಕಿ ಇಡೂದು ಸೊಸೈಟಿ ಪದ್ಧತಿ ಅಲ್ಲ. ಕುದುರಿ ಮ್ಯಾಲ ಎಮ್ಮಿ ಕಣ್ಣಿಡಲಿ, ಎಮ್ಮಿ ಮ್ಯಾಲ ಕುದುರಿ ಕಣ್ಣಿಡಲಿ.’

ಸಾವಕಾರರು ಇದನ್ನು ಕೇಳಿ ತಲೆದೂಗಿದರು. ‘ಶಾಣ್ಯಾ ಅದಾನ ಈ ಮನುಷ್ಯಾ. ಹಂಗ ಇರಲಿ. ಓಡಸ್ರಿ ಎರಡೂ.’

ಮಾಮಾ ಬ್ಯಾಡ ಬ್ಯಾಡ ಅನ್ನುವಷ್ಟರಲ್ಲಿ ಸಾಹೇಬರು ಎರಡನ್ನೂ ಬಿಟ್ಟರು. ಕಂಪ್ಯೂಟರ್ ಒಮ್ಮೆ ನರಳಿತು. ಫ್ಯಾನು ನಮ್ಮ ಅಂಗಡಿಯ ಕೆಳಗಿನ ಗಿರಣಿಯ ಹಾಗೆ ಕೂಗಿತು. ಕುದುರಿ ಕುಂಟಿತು, ಎಮ್ಮಿ ಕೂತೇಬಿಟ್ಟಿತು. ಮೌಸಿನ ಬಾಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಷ್ಟರಲ್ಲಿ ಚಾ ಬಂತು. ಇಷ್ಟು ಹೊತ್ತು ಹಿಡಿದರೆ ಒಳ್ಳೇದೋ ಕೆಟ್ಟದ್ದೋ ಅಂತ ಸಾವಕಾರರು ಮತ್ತು ಡೈರೆಕ್ಟರು ವಾದ ಮಾಡುತ್ತ ಕೂತರು.

ಆಮೇಲೆ ಕುದುರಿ ‘ಟಣ್’ ಅಂತ ಒಂದು ಕೆಂಪು ಡಬ್ಬಿ ತೆರೆಯಿತು. ಮಾಮಾ ಓದಲಿಲ್ಲ. ಸಾವಕಾರರು ನನ್ನನ್ನು ನೋಡಿದರು.

‘ಏನಂತೈತೋ?’

‘ಕಳ್ಳ ಸಿಕ್ಕಾನಂತ್ರಿ.’

‘ಯಾರಂವ?’

‘ಎಮ್ಮಿಯಂತ್ರಿ.’

ಅಷ್ಟರಲ್ಲಿ ಎಮ್ಮಿಯೂ ಸಾವಕಾಶ ತನ್ನ ಡಬ್ಬಿ ತೆರೆಯಿತು.

‘ಇದೇನಂತೈತಿ?’

‘ಇದಕ್ಕೂ ಕಳ್ಳ ಸಿಕ್ಕಾನಂತ್ರಿ. ಕುದುರಿಯಂತ.’

ಡೈರೆಕ್ಟರು ತೊಡೆ ತಟ್ಟಿದರು. ‘ಎಮ್ಮಿ ಕಳ್ಳ ಅಂತ ನಾ ಅವತ್ತ ಹೇಳಿರಲಿಲ್ಲ? ಈಗ ನೋಡಿದ್ರ ಎರಡೂ ಕಳ್ಳ ಅದಾವ!’

‘ಹಂಗಲ್ರಿ,’ ಅಂದ ಮಾಮಾ. ‘ಇವೆರಡೂ ಒಂದರ ಕೆಲಸಾ ಒಂದು ನೋಡಿ ಅಂಜ್ಯಾವ್ರಿ. ಒಬ್ಬ ಕಾವಲುಗಾರ ಕತ್ತಲಿಯೊಳಗ ಇನ್ನೊಬ್ಬಾಂವನ್ನ ಕಂಡು ಕಳ್ಳ ಕಳ್ಳ ಅಂದಂಗ.’

‘ಕೆಳಗ ಏನೋ ಕೇಳಾಕ ಹತ್ತ್ಯಾವಲ್ಲ?’ ಅಂದರು ಸಾವಕಾರರು.

‘ತಗದು ಹಾಕ್ಲ್ಯಾ ಅಂತ ಕೇಳಾಕ ಹತ್ತ್ಯಾವ್ರಿ,’ ಅಂದೆ. ‘ಎರಡೂ.’

ಮಾಮಾ ಕೈ ಅಡ್ಡ ಹಿಡಿಯುವಷ್ಟರಲ್ಲಿ ಮ್ಯಾನೇಜರ್ ಸಾಹೇಬರು ಕ್ಯಾಶಿಯರರನ್ನು ಕರೆದಿದ್ದರು. ಅವರ ಪದ್ಧತಿ ಪದ್ಧತಿಯೇ. ಕುದುರಿಯ ಡಬ್ಬಿಗೆ ಸಾಹೇಬರ ಮೌಸು, ಎಮ್ಮಿಯ ಡಬ್ಬಿಗೆ ಕ್ಯಾಶಿಯರರ 'ಎಂಟರ್' ಕೀಲಿ. ತಿಜೋರಿಯ ಮುಂದೆ ನಿಲ್ಲುವ ಹಾಗೆ ಇಬ್ಬರೂ ಮೈ ನೆಟ್ಟಗೆ ಮಾಡಿ, ಒಬ್ಬರ ಮುಖ ಒಬ್ಬರು ನೋಡಿ, ‘ಹೂಂ’ ಅಂದರು. ಕೂಡಿಯೇ ಒತ್ತಿದರು.

ಕುದುರಿ ಎಮ್ಮಿಯನ್ನು ತಿಂದಿತು. ಎಮ್ಮಿ ಕುದುರಿಯನ್ನು ತಿಂದಿತು. ಪರದೆ ಕಪ್ಪಾಯಿತು. ಮಾಮಾ ಗೋಡೆಗೆ ಆತು ಕೂತ.

ಆಮೇಲೆ ಕಂಪ್ಯೂಟರ್ ತಾನಾಗಿ ಎದ್ದಿತು. ಸಾಹೇಬರು ಅಂಜುತ್ತ ಒಂದು ಖಾತೆ ಒತ್ತಿದರು. ಒತ್ತುವುದಕ್ಕೂ ತೆರೆಯುವುದಕ್ಕೂ ನಡುವೆ ಕಣ್ಣು ಮಿಟುಕಿಸಲಿಕ್ಕೂ ಹೊತ್ತಿರಲಿಲ್ಲ. ಇನ್ನೊಂದು ಒತ್ತಿದರು. ಪಟ್. ಮತ್ತೊಂದು. ಪಟ್.

ಸಾವಕಾರರು ಖುರ್ಚಿಯಿಂದ ಎದ್ದು ಬಂದರು. ‘ಏ, ಇದು ಭಾರೀ ಐತಲ್ಲೋ! ಯಾವದಿದು?’

‘ಯಾವದೂ ಅಲ್ರಿ,’ ಅಂದ ಮಾಮಾ ಕೂತಲ್ಲಿಂದಲೇ. ‘ಈಗ ಒಳಗ ಏನೂ ಇಲ್ರಿ. ಎರಡೂ ಹೋಗ್ಯಾವ.’

‘ಏನೂ ಇಲ್ಲದ ಇಷ್ಟ ಓಡತೈತಿ?’

‘ಏನೂ ಇಲ್ಲದ್ದಕ್ಕ ಓಡತೈತ್ರಿ.’

ಸಾವಕಾರರ ಕಣ್ಣು ಸಣ್ಣಗಾಯಿತು. ಡೈರೆಕ್ಟರ ಕಡೆ ತಿರುಗಿದರು. ‘ಕೇಳಿದ್ರ್ಯಾ? ಇಷ್ಟ ದಿನಾ ಕುಂಟ ಕುದುರಿ, ಮುದಿ ಎಮ್ಮಿ ತಂದು ತೋರಿಸಿದ. ಖರೇ ಮಾಲ್ ಒಳಗ ಮುಚ್ಚಿಟ್ಟಿದ್ದ. ಈಗ ಹೊರಗ ಬಂದ ಮ್ಯಾಲ ಏನೂ ಇಲ್ಲಂತಾನ.’

‘ದೇವರಾಣಿ ಇಲ್ರಿ ಸಾವಕಾರ್ರ!’

‘ಆಣಿ ಬ್ಯಾರೆ ಮಾಡಾಕ ಹತ್ತ್ಯಾನ. ಅಂದಮ್ಯಾಲ ಐತಿ. ಹುಟ್ಟಿದಾಗಿಂದ ವ್ಯಾಪಾರ ಮಾಡೇನಿ, ಗೋದಾಮದಾಗ ಏನೂ ಇಲ್ರೀ ಅಂತ ಆಣಿ ಮಾಡಿದಾವ್ರ ಮನ್ಯಾಗ ಕಾಲಿಡಾಕ ಜಾಗಾ ಇರಲಿಲ್ಲ. ಯಾರಿಗೆ ಇಟ್ಟಿದ್ದೋ ಈ ಮೂರನೇದನ್ನ? ಕೊಡೂದಿದ್ರ ಇದನ್ನ ಕೊಡು, ಇಲ್ಲಾ ಗಂಟ ಕಟ್ಟು.’

ಮಾಮಾ ಇಲ್ಲ ಇಲ್ಲ ಅಂದಷ್ಟೂ ಅವರಿಗೆ ಐತಿ ಐತಿ ಅನ್ನುವುದು ಗಟ್ಟಿಯಾಗುತ್ತ ಹೋಯಿತು. ಖರೇ ಹೇಳಿಯೇ ಕೆಲಸ ಕಳಕೊಳ್ಳುವ ಮನುಷ್ಯನನ್ನು ನಾನು ಅವತ್ತೇ ಕಂಡದ್ದು. ತಡೆಯಲಿಲ್ಲ ನನಗೆ.

‘ಸಾವಕಾರ್ರ,’ ಅಂದೆ, ‘ನಮ್ಮ ಮಾಮಾ ಇಲ್ಲಿ ಹೇಳಂಗಿಲ್ರಿ.’

‘ಯಾಕ?’

ನಾನು ಕಂಪ್ಯೂಟರಿನ ಕಡೆ ಗದ್ದ ಎತ್ತಿ ತೋರಿಸಿದೆ. ‘ಅದರ ಹೆಸರ ಇದರ ಮುಂದ ಹೇಳಿದ್ರ ವೈರಸ್‌ಗೆ ಗೊತ್ತಾಗತೈತ್ರಿ.’

ಮಾಮಾ ಕಣ್ಣು ಮುಚ್ಚಿದ, ಎಲ್ಲಾ ಮುಗಿಯಿತೆಂದು.

ಸಾವಕಾರರು ಕಂಪ್ಯೂಟರನ್ನು ನೋಡಿದರು. ಬಹಳ ಹೊತ್ತು ನೋಡಿದರು. ಹಾಗೆ ಅವರು ನೋಡಿದ್ದನ್ನು ನಾನು ಪೇಟೆಯಲ್ಲಿ ಕಂಡಿದ್ದೆ, ಹೊಸ ದಲ್ಲಾಳಿ ರೇಟು ಕದ್ದು ಕೇಳಲಿಕ್ಕೆ ಬಂದು ಬಾಜೂಕ ನಿಂತಾಗ. ಡೈರೆಕ್ಟರು ಮೆಲ್ಲಗೆ ಹೆಗಲಿನ ಟವೆಲ್ ತೆಗೆದು ಪರದೆಗೆ ಹೊದಿಸಿದರು. ಮ್ಯಾನೇಜರ್ ಸಾಹೇಬರು ತುಟಿಯ ಮೇಲೆ ಬೆರಳಿಟ್ಟರು. ಕ್ಯಾಶಿಯರರು ಯಾಕೋ ಏನೋ ತಮ್ಮ ಕೀಲಿ ಕಿಸೆಗೆ ಹಾಕಿಕೊಂಡರು.

ಸಾವಕಾರರು ತುದಿಗಾಲಲ್ಲಿ ನಡೆದು ಬಂದು, ಮಾಮಾನನ್ನು ರಟ್ಟೆ ಹಿಡಿದು ಎಬ್ಬಿಸಿ, ಮೂಲೆಗೆ ಕರೆದೊಯ್ದು, ಕಂಪ್ಯೂಟರಿಗೆ ಬೆನ್ನು ಮಾಡಿ ನಿಂತು ಕಿವಿಯಲ್ಲಿ ಪಿಸುಗುಟ್ಟಿದರು:

‘ನಾಕೂ ಊರಿನ ಕೆಲಸಾ ನಿಂದ. ನಿನಗ ಯಾವದು ಚಲೋ ಅನಸ್ತೈತಿ ಅದನ್ನ ಹಾಕು. ಹೆಸರ ಮಾತ್ರ ನನಗೂ ಹೇಳಬ್ಯಾಡ. ನನ್ನ ಮ್ಯಾಲೂ ನನಗ ಅಷ್ಟ ನಂಬಿಕಿ ಇಲ್ಲ.’